ಹೊಳೆಯ ಒಂದು ಗಳಿಗೆ
ನಗರಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ



ನಮ್ಮ ನಾಡಿನ ಯಾವ ಶಾಲೆಗಾದರೂ ಹೋಗಿ ಮಕ್ಕಳ ಕೈಗೆ ಕಾಗದ, ಬಣ್ಣದ ಪೆನ್ಸಿಲ್ಲು ಕೊಟ್ಟು ‘ಒಂದು ಸೀನರಿ ಬರೀರಿ’ ಅನ್ನಿ. ಎರಡು ಬೆಟ್ಟ ಬರುತ್ತವೆ. ನಡುವೆ ಅರ್ಧ ಸೂರ್ಯ, ಅದಕ್ಕೆ ಗೀಟು ಹಾಕಿದ ಕಿರಣ. ಬೆಟ್ಟದ ಸಂದಿನಿಂದ ಒಂದು ನದಿ ಇಳಿದು, ಕಾಗದದ ತಳ ಮುಟ್ಟುವಷ್ಟರಲ್ಲಿ ಅಗಲವಾಗುತ್ತದೆ. ದಡದಲ್ಲಿ ಗುಡಿಸಲು, ತೆಂಗಿನಮರ. ಆಕಾಶದಲ್ಲಿ ನಾಲ್ಕಾರು ಹಕ್ಕಿ. ನದಿಗೆ ನೀಲಿ ಬಣ್ಣ. ಮಂಗಳೂರಿನ ಮಗುವೂ ನೀಲಿ ಹಚ್ಚುತ್ತದೆ, ನಗರಗೆರೆಯ ಮಗುವೂ ನೀಲಿ ಹಚ್ಚುತ್ತದೆ.

ಬೆಟ್ಟದ ಸಂದಿನಿಂದ ನದಿ ಹುಟ್ಟುವುದು ನಮ್ಮ ಕಡೆ ಕಲ್ಪನೆಯ ಮಾತಲ್ಲ. ನಂದಿಯ ಸಾಲುಬೆಟ್ಟಗಳೇ ಉತ್ತರ ಪಿನಾಕಿನಿಗೆ, ದಕ್ಷಿಣ ಪಿನಾಕಿನಿಗೆ, ಪಾಲಾರಿಗೆ, ಅರ್ಕಾವತಿಗೆ ತವರು. ಈ ಹೋಬಳಿಯ ಹಳ್ಳಕೊಳ್ಳಗಳೆಲ್ಲ ಸುತ್ತಿ ಬಳಸಿ ಕೊನೆಗೆ ಸೇರುವುದು ಉತ್ತರ ಪಿನಾಕಿನಿಯನ್ನೇ. ಹಾಗಾಗಿ ಮಗುವಿನ ಬೆಟ್ಟವೂ ನಿಜ, ನದಿಯೂ ನಿಜ. ಆ ನೀಲಿ ಮಾತ್ರ ಎಲ್ಲಿಂದ ಬಂತು? ಯಾರೋ ಬರೆದದ್ದನ್ನು ನೋಡಿ ಇನ್ಯಾರೋ ಬರೆದು, ಅದನ್ನು ನೋಡಿ ಮತ್ತೊಬ್ಬರು ಬರೆದು, ಕಣ್ಣಿಗೆ ಕೆಲಸವೇ ಇಲ್ಲದಂತೆ ಕೈಯಿಂದ ಕೈಗೆ ಬಂದ ನೀಲಿ ಅದು. ಮಕ್ಕಳನ್ನು ದೂರಬೇಕಾಗಿಲ್ಲ. ಹೊರಗೆ ಕೂತು ನೋಡಿ ಬರೆಯಿರಿ ಎಂದು ನಾವು ಹೇಳಿಕೊಟ್ಟಿಲ್ಲ, ಅಷ್ಟೆ.

ಈಗ ಪರದೆಯ ಮೇಲಿರುವ ಚಿತ್ರವನ್ನು ನೋಡಿ. ಇದೂ ನದಿಯ ಚಿತ್ರವೇ. ಫ್ರಾನ್ಸಿನ ಕ್ಲೋದ್ ಮೊನೆ 1897ರಲ್ಲಿ ಮುಗಿಸಿದ್ದು. ಜಿವರ್ನಿ ಎಂಬ ಹಳ್ಳಿಯ ಹತ್ತಿರ, ಎಪ್ತ್ ಎಂಬ ಸಣ್ಣ ಹೊಳೆ ಬಂದು ಸೇನ್ ನದಿಗೆ ಸೇರುವ ಕಡೆ, ಅವನು ಒಂದೇ ಜಾಗದಿಂದ ಮುಂಜಾವಿನ ಚಿತ್ರಗಳ ದೊಡ್ಡ ಮಾಲೆಯನ್ನೇ ಬರೆದ. ಅದರಲ್ಲಿ ಮಂಜು ಕವಿದ ಈ ಚಿತ್ರ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ನ್ಯೂಯಾರ್ಕಿನಲ್ಲಿ, ಪ್ಯಾರಿಸ್ಸಿನಲ್ಲಿ ಇದರ ಒಡಹುಟ್ಟುಗಳಿವೆ.

ಇದರಲ್ಲಿ ದೋಣಿ ಇಲ್ಲ, ಮನೆ ಇಲ್ಲ, ಮನುಷ್ಯರಿಲ್ಲ. ಕ್ಯಾನ್ವಾಸು ಹೆಚ್ಚುಕಡಿಮೆ ಚೌಕ. ಎಡಗಡೆಯಿಂದ ಮರಗಳ ಒಂದು ರಾಶಿ ನೀರಿನ ಮೇಲೆ ಬಾಗಿದೆ. ಬಲಕ್ಕೆ ದೂರದಲ್ಲಿ ಇನ್ನೊಂದು ದಡದ ಮರಗಳು ಮಂಜಿನಲ್ಲಿ ಕರಗಿವೆ. ನಡುವೆ ಬೆಳಕು ಬರುತ್ತಿರುವ ಒಂದು ತೆರವು. ಕೆಳಗಿನ ಅರ್ಧದಲ್ಲಿ ಇದೆಲ್ಲದರ ಪ್ರತಿಬಿಂಬ. ಎಲೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಿ ನೋಡೋಣ. ಆಗುವುದಿಲ್ಲ. ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರೂ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ನೀರಿಗೆ ‘ನೀರಿನ ಬಣ್ಣ’ ಎಂಬುದೊಂದು ಇಲ್ಲಿ ಇಲ್ಲವೇ ಇಲ್ಲ. ಮರದ ಹಸಿರು, ಆಕಾಶದ ತಿಳಿನೇರಳೆ, ಸೂರ್ಯ ಬರುವ ದಿಕ್ಕಿನ ಒಂದು ಚೂರು ಗುಲಾಬಿ, ಇವನ್ನೆಲ್ಲ ಕಡ ತಂದು ನೀರು ನೀರಾಗಿದೆ.

ಇದನ್ನು ಬರೆದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಚಿತ್ರದ ಸದ್ದಿಲ್ಲದ ಮೇಲ್ಮೈ ನೋಡಿ ಇದು ಸಲೀಸಾಗಿ ಆದದ್ದು ಅಂದುಕೊಳ್ಳುವವರೇ ಹೆಚ್ಚು. 1897ರ ಆಗಸ್ಟಿನಲ್ಲಿ ಮೊರಿಸ್ ಗಿಯೆಮೋ ಎಂಬ ಪತ್ರಕರ್ತ ಜಿವರ್ನಿಗೆ ಹೋಗಿ ಮೊನೆಯ ಜತೆಗಿದ್ದು ಬರೆದ ವರದಿ ಇದೆ. ಮೊನೆಗೆ ಆಗ 56 ವರ್ಷ. ಬೆಳಗಿನ ಜಾವ ಮೂರೂವರೆಗೆ ಎದ್ದು, ಇನ್ನೂ ಕತ್ತಲಿರುವಾಗಲೇ ನದಿಗೆ ಹೋಗುತ್ತಿದ್ದ. ಅಲ್ಲಿ ಚಪ್ಪಟೆ ತಳದ ದೋಣಿಯೊಂದು ಲಂಗರು ಹಾಕಿ ನಿಂತಿರುತ್ತಿತ್ತು. ಅದೇ ಅವನ ಕಾರ್ಯಶಾಲೆ. ಅದರಲ್ಲಿ ಒಂದಲ್ಲ, ಹದಿನಾಲ್ಕು ಕ್ಯಾನ್ವಾಸುಗಳು, ಎಲ್ಲವೂ ಒಟ್ಟಿಗೇ ನಡೆಯುತ್ತಿದ್ದ ಕೆಲಸ. ಕತ್ತಲು ಬೂದಿಯಾಗುವ ಗಳಿಗೆಗೆ ಒಂದು, ಬೂದಿ ನೇರಳೆಯಾಗುವ ಗಳಿಗೆಗೆ ಇನ್ನೊಂದು, ಮಂಜು ಎದ್ದಾಗ ಒಂದು, ಮಂಜು ಹರಿದಾಗ ಮತ್ತೊಂದು. ಬೆಳಕು ಬದಲಾದ ಕೂಡಲೇ ಕೈಯಲ್ಲಿದ್ದ ಕ್ಯಾನ್ವಾಸನ್ನು ಬದಿಗಿಟ್ಟು ಮುಂದಿನದನ್ನು ಎತ್ತಿಕೊಳ್ಳುವುದು. ಮಾರನೆಯ ದಿನ ಅದೇ ಗಳಿಗೆ ಬಂದಾಗ ಬಿಟ್ಟ ಜಾಗದಿಂದ ಮುಂದುವರಿಸುವುದು. ಆ ದಿನ ಮೋಡ ಬಂದರೆ ಆ ಗಳಿಗೆ ಬರುವುದೇ ಇಲ್ಲ. 1896ರಲ್ಲಿ ಶುರು ಮಾಡಿದ ಕೆಲಸವನ್ನು ಮಳೆ ನಿಲ್ಲಿಸಿಬಿಟ್ಟಿತು, ಮರುವರ್ಷ ಮತ್ತೆ ಹಿಡಿಯಬೇಕಾಯಿತು. ಕೊನೆಗೆ 1898ರ ಜೂನಿನಲ್ಲಿ ಪ್ಯಾರಿಸ್ಸಿನ ಜಾರ್ಜ್ ಪೆತಿಯ ಗ್ಯಾಲರಿಯಲ್ಲಿ ಪ್ರದರ್ಶನವಾಯಿತು.

ರಾಗಿ ಹೊಲದ ರೈತ ಹದ ಕಾಯುವ ಹಾಗೆ ಈ ಮನುಷ್ಯ ಬೆಳಕು ಕಾಯುತ್ತಿದ್ದ.

ಇನ್ನೊಂದು ಸಂಗತಿ. ಇದಕ್ಕೂ ಮೊದಲು, 1891ರಲ್ಲಿ, ಮೊನೆ ಎಪ್ತ್ ಹೊಳೆಯ ದಡದ ಪೋಪ್ಲರ್ ಮರಗಳ ಸಾಲನ್ನು ಬರೆಯುತ್ತಿದ್ದ. ಆ ಮರಗಳು ಲಿಮೆತ್ಸ್ ಎಂಬ ಪಕ್ಕದ ಗ್ರಾಮಕ್ಕೆ ಸೇರಿದವು. ಮಾರುವುದಕ್ಕೆಂದೇ ಬೆಳೆಸಿದವು, ನಮ್ಮ ಕಡೆ ನೀಲಗಿರಿ ಬೆಳೆಸುವ ಹಾಗೆ. ಚಿತ್ರಗಳು ಅರ್ಧದಲ್ಲಿರುವಾಗ ಗ್ರಾಮದವರು ಮರಗಳನ್ನು ಹರಾಜಿಗೆ ಇಟ್ಟರು. ಮೊನೆ ಮರದ ವ್ಯಾಪಾರಿಯೊಬ್ಬನ ಜತೆ ಒಪ್ಪಂದ ಮಾಡಿಕೊಂಡು, ತನ್ನ ಕೈಯಿಂದ ಹಣ ಹಾಕಿ, ಚಿತ್ರ ಮುಗಿಯುವ ತನಕ ಕೊಡಲಿ ಹಾಕದಂತೆ ನೋಡಿಕೊಂಡ. ಆಮೇಲೆ ಮರಗಳು ಉರುಳಿದವು. ಇವತ್ತು ಆ ಸಾಲು ಇರುವುದು ಕ್ಯಾನ್ವಾಸಿನ ಮೇಲೆ ಮಾತ್ರ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ನಮ್ಮ ಹೊಳೆಯ ಮಾತು ಬಂದಾಗ ಬೇಕಾಗುತ್ತದೆ.

ಮೊನೆಗೂ ಅವನ ಜತೆಗಾರ ಚಿತ್ರಕಾರರಿಗೂ ಇಂಪ್ರೆಶನಿಸ್ಟರು ಎಂಬ ಹೆಸರು ಬಂದ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1874ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಛಾಯಾಗ್ರಾಹಕ ನಾದಾರ್‌ನ ಹಳೆಯ ಸ್ಟುಡಿಯೋದಲ್ಲಿ ಅವರು ಸ್ವಂತ ಪ್ರದರ್ಶನ ಮಾಡಿದರು. ಮೊನೆಯ ‘ಇಂಪ್ರೆಶನ್, ಸನ್‌ರೈಸ್’ ಎಂಬ ಬಂದರಿನ ಚಿತ್ರವನ್ನು ಹಿಡಿದು ಲೂಯಿ ಲೆರ್ವಾ ಎಂಬ ವಿಮರ್ಶಕ ಗೇಲಿ ಮಾಡಿದ. ಗೇಲಿಯ ಹೆಸರೇ ನಿಂತಿತು. ಅವರು ಹೊರಗೆ ಕೂತು ಬರೆಯಲು ಸಾಧ್ಯವಾದದ್ದಕ್ಕೆ ಸಣ್ಣಪುಟ್ಟ ಕಾರಣಗಳಿವೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬಾತ ಬಣ್ಣ ತುಂಬುವ ತಗಡಿನ ಟ್ಯೂಬು ಕಂಡುಹಿಡಿದ. ಬಣ್ಣ ಒಣಗದೆ ಜೇಬಿನಲ್ಲಿ ಹೋಗುವಂತಾಯಿತು. ರೈಲು ಬಂತು, ಪಟ್ಟಣದ ಚಿತ್ರಕಾರ ಬೆಳಿಗ್ಗೆ ಹೊರಟು ಹೊಳೆದಂಡೆಯಲ್ಲಿ ಇಳಿಯುವಂತಾಯಿತು.

ಇನ್ನೊಂದು ಕಾರಣವನ್ನು ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆ ಕಂಡವರು, ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು ಕಂಡವರು ಬೇಗ ಹಿಡಿಯುತ್ತಾರೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ಮನೆಗೆ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ಏನೂ ಐಬಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಬಣ್ಣದ ಎಳೆ ಇದರ ಕಸುವನ್ನು ಕಣ್ಣಿನಲ್ಲಿ ಕುಂದಿಸುತ್ತಿತ್ತು. ಅವನು 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಹೊರೆ ತೀರ್ಮಾನಿಸುತ್ತದೆ. ಸೀರೆಯ ಒಡಲಿಗೆ ಅಂಚಿನ ಬಣ್ಣ ಆರಿಸುವ ನೇಕಾರನಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ಬೇರೆಬೇರೆ ಬಣ್ಣದ ಸಣ್ಣ ಸಣ್ಣ ಕುಂಚದ ಏಟುಗಳನ್ನು ಬೆರೆಸದೆ ಪಕ್ಕಪಕ್ಕ ಇಟ್ಟು, ಬೆರೆಸುವ ಕೆಲಸವನ್ನು ನೋಡುವವರ ಕಣ್ಣಿಗೆ ಬಿಡುವ ಇಂಪ್ರೆಶನಿಸ್ಟರ ರೀತಿಯ ಹಿಂದೆ ಈ ತಿಳಿವಳಿಕೆಯಿದೆ.

ಇನ್ನು ನಮ್ಮ ಕಡೆಗೆ ಬರೋಣ. ಗಡಿ ದಾಟಿದರೆ ಲೇಪಾಕ್ಷಿ. ಹದಿನಾರನೆಯ ಶತಮಾನದ ಆ ಛಾವಣಿಯ ಚಿತ್ರಗಳನ್ನು ಕತ್ತು ನೋಯುವ ತನಕ ನೋಡಿದ್ದೇವೆ. ಕಿರಾತಾರ್ಜುನೀಯದ ಹಂದಿ, ಸೆರಗಿನ ಅಂಚು, ಕಪ್ಪು ಗೀಟಿನ ಬಿಗಿ, ಕಾವಿಯ ಕೆಂಪು. ನಮ್ಮ ಕಣ್ಣಿನ ದೊಡ್ಡ ಆಸ್ತಿ ಅದು. ಆದರೆ ಅಲ್ಲಿ ಮರ, ಬೆಟ್ಟ ಇದ್ದರೆ ಕತೆಗಾಗಿ ಇವೆ. ಬೆಳಗಿನ ಹೊತ್ತಿನ ಒಂದು ನದಿ ತಾನೇ ಚಿತ್ರದ ಯಜಮಾನಿಯಾಗುವ ರೀತಿ ನಮ್ಮಲ್ಲಿ ಬಹಳ ತಡವಾಗಿ ಬಂತು.

ಕನ್ನಡ ನಾಡಿನಲ್ಲಿ ಆ ದಾರಿ ಹಿಡಿದ ಮೊದಲಿಗರಲ್ಲಿ ಕೆ. ವೆಂಕಟಪ್ಪನವರು ಒಬ್ಬರು. 1886ರಲ್ಲಿ ಹುಟ್ಟಿದವರು. ಅರಮನೆಯ ಚಿತ್ರಗಾರರ ಮನೆತನ, ಮೈಸೂರಿನಲ್ಲಿ ಕಲಿಕೆ, ಆಮೇಲೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯತ್ವ, ವೀಣೆ ಶೇಷಣ್ಣನವರ ಬಳಿ ವೀಣೆ. ಅವರು ನೀಲಗಿರಿಗೆ ಹೋಗಿ ಜಲವರ್ಣದಲ್ಲಿ ಊಟಿಯ ಮಂಜನ್ನು, ಮಳೆಮೋಡವನ್ನು, ಕೆರೆಯನ್ನು ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ವೆಂಕಟಪ್ಪನವರನ್ನು ಇಂಪ್ರೆಶನಿಸ್ಟ್ ಎಂದು ಕರೆದರೆ ತಪ್ಪಾಗುತ್ತದೆ. ಅವರ ಕುಂಚ ನಯ, ಬಣ್ಣ ತೆಳು, ತಾಳ್ಮೆ ಬೇರೆ ಜಾತಿಯದು. ಆದರೆ ಗುಡ್ಡದ ಮೇಲೆ ಮಂಜು ಏರುವ ಆ ಹೊತ್ತು ಇನ್ನೊಮ್ಮೆ ಬರುವುದಿಲ್ಲ ಎಂಬ ಎಚ್ಚರ ಅವರಿಗೂ ಮೊನೆಗೂ ಒಂದೇ.

ನಮಗೆ ಇನ್ನೂ ಹತ್ತಿರದವರು ರುಮಾಲೆ ಚನ್ನಬಸವಯ್ಯನವರು. 1910ರಲ್ಲಿ ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲಿ, ಅಂದರೆ ಗೌರಿಬಿದನೂರಿನಿಂದ ರೈಲು ಹತ್ತಿದರೆ ಬೆಂಗಳೂರಿಗೆ ಮೊದಲೇ ಸಿಗುವ ಊರು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರ ಕಲಾಮಂದಿರ, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಹೀಗೆ ಚಿತ್ರ ಕಲಿಯುತ್ತಿದ್ದ ಹುಡುಗ ಸ್ವಾತಂತ್ರ್ಯದ ಕರೆಗೆ ಓಗೊಟ್ಟು ಕುಂಚ ಕೆಳಗಿಟ್ಟ. ಸೇವಾದಳ, ಗಾಂಧಿಯ ದಾರಿ, ‘ತಾಯಿನಾಡು’ ಪತ್ರಿಕೆ, ಸಾರ್ವಜನಿಕ ಜೀವನ, ಇವುಗಳಲ್ಲಿ ದಶಕಗಳೇ ಕಳೆದವು. ಕುಂಚವನ್ನು ಅವರು ಮತ್ತೆ ಪೂರ್ತಿಯಾಗಿ ಹಿಡಿದದ್ದು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವ ತನಕ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಮರದ ಎದುರು, ಬಯಲಿನಲ್ಲೇ ಕೂತು ಬರೆದರು. ರಾಜಾಜಿನಗರದ ರುಮಾಲೆ ಆರ್ಟ್ ಹೌಸಿನಲ್ಲಿ ಅವರ ಚಿತ್ರಗಳಿವೆ. ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಬೆಂಗಳೂರಿಗೆ ಮಕ್ಕಳ ಪ್ರವಾಸ ಹೊರಟಾಗ ವಿಧಾನಸೌಧದ ಎದುರು ಫೋಟೋ ತೆಗೆಸಿಕೊಂಡ ಮೇಲೆ ಒಂದು ಗಂಟೆ ಇದಕ್ಕೆ ಇಡಿ.

ರುಮಾಲೆಯವರ ಬಣ್ಣ ಸೇನ್ ನದಿಯ ಬಣ್ಣವಲ್ಲ. ದಟ್ಟ ಹಳದಿ, ಉರಿಯುವ ಕೆಂಪು, ಎದ್ದು ಕಾಣುವ ಕುಂಚದ ಏಟು. ಅದನ್ನು ನೋಡಿ ಕೆಲವರು ವ್ಯಾನ್ ಗೋ ಎನ್ನುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಏಪ್ರಿಲ್ ತಿಂಗಳಿನಲ್ಲಿ ಬಯಲುಸೀಮೆಯ ಬಿಸಿಲಿಗೆ ನಿಂತು ಗುಲ್‌ಮೊಹರ್ ನೋಡಿದವರಿಗೆ ಆ ಕೆಂಪನ್ನು ಹೊರದೇಶದಿಂದ ತರಿಸಬೇಕಾಗಿಲ್ಲ. ಮಂಜಿನ ನಾಡಿನವನು ಮಂಜಿನ ಬಣ್ಣ ಕಂಡ, ಬಿಸಿಲಿನ ನಾಡಿನವರು ಬಿಸಿಲಿನ ಬಣ್ಣ ಕಂಡರು. ಹೊರಗೆ ಕೂರುವ ಪಾಠವನ್ನು ಪಡೆದು, ಬಣ್ಣವನ್ನು ಮಾತ್ರ ತಮ್ಮ ನೆಲದಿಂದಲೇ ತೆಗೆದುಕೊಂಡರು. ನಮಗೆ ಬೇಕಾದ ಮೇಲ್ಪಂಕ್ತಿ ಇದು.

ಹಾಗಾದರೆ ಉತ್ತರ ಪಿನಾಕಿನಿ? ನಮ್ಮ ಹೊಳೆಯನ್ನು ನಾವು ಪುಣ್ಯವಾಗಿ ನೋಡಿದ್ದೇವೆ. ಇತಿಹಾಸವಾಗಿ ನೋಡಿದ್ದೇವೆ, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದವರ ಮೇಲೆ ಗುಂಡು ಹಾರಿದ್ದು ಇದೇ ಹೊಳೆಯ ಮಗ್ಗುಲಲ್ಲಿ. ಲಾರಿಗೆ ತುಂಬುವ ಸರಕಾಗಿಯೂ ನೋಡಿದ್ದೇವೆ. ನೋಟವಾಗಿ ನೋಡಿದ್ದು ಕಡಿಮೆ. ಅದಕ್ಕೆ ಕಾರಣವೂ ಉಂಟು. ಕನ್ನಡದಲ್ಲಿ ನಿಸರ್ಗ ಎಂದ ಕೂಡಲೇ ಕಣ್ಣೆದುರು ಬರುವುದು ಮಲೆನಾಡು. ಕುವೆಂಪು ಅವರ ಕಾಡು, ಕಾರಂತರ ಕಡಲತಡಿ ನಮ್ಮ ಮನಸ್ಸನ್ನು ಅಷ್ಟು ಗಾಢವಾಗಿ ತುಂಬಿವೆ. ಹಸಿರಿದ್ದರೆ ಚೆಲುವು, ನೀರಿದ್ದರೆ ಚೆಲುವು. ಕುರುಚಲು ಗುಡ್ಡ, ಬಂಡೆ, ಒಣಹೊಳೆ ಎಂದರೆ ಬರ, ಕೊಳವೆಬಾವಿ, ಫ್ಲೋರೈಡು. ಆ ನೋವು ಸುಳ್ಳಲ್ಲ. ಆದರೆ ಆ ನೋವಿನ ಜತೆಗೆ ನಮ್ಮ ನೆಲ ನೋಡಲು ಯೋಗ್ಯವಲ್ಲ ಎಂಬ ತೀರ್ಪನ್ನೂ ನಾವೇ ಕೊಟ್ಟುಕೊಂಡಿದ್ದೇವೆ. ಅದನ್ನು ನಾನು ಒಪ್ಪುವುದಿಲ್ಲ.

ಗೌರಿಬಿದನೂರಿನ ಕಡೆ ಹೋಗುವಾಗ ಬೇಸಿಗೆಯ ಒಂದು ಬೆಳಿಗ್ಗೆ ಹೊಳೆಗೆ ಇಳಿಯಿರಿ. ಮರಳು ಉಳಿದಿರುವ ಕಡೆ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ. ದೂರದಿಂದ ಅದು ಬೂದು. ಹತ್ತಿರ ತಂದರೆ ಅದರಲ್ಲಿ ಬೂದು ಬಣ್ಣದ ಕಣ ಹುಡುಕಿದರೂ ಕಷ್ಟ. ಗಾಜಿನಂತೆ ಬೆಳಕು ಬಿಡುವ ಬೆಣಚುಕಲ್ಲಿನ ಕಣ, ನಸುಗೆಂಪಿನ ಫೆಲ್ಡ್‌ಸ್ಪಾರ್ ಕಣ, ಹಾಲುಬಿಳಿ, ಅಲ್ಲೊಂದು ಇಲ್ಲೊಂದು ಮಿಂಚುವ ಕಪ್ಪು ಅಭ್ರಕ. ಈ ಸೀಮೆಯ ಬಂಡೆಗಳು ಬಿಸಿಲು ಮಳೆಗೆ ಒಡೆದು, ಪ್ರವಾಹದಲ್ಲಿ ಉರುಳಿ ಹೀಗಾದವು. ಬಿಡಿಬಿಡಿಯಾಗಿ ಗುಲಾಬಿ, ಬಿಳಿ, ಕಪ್ಪು. ಹತ್ತು ಹೆಜ್ಜೆ ಹಿಂದೆ ಸರಿದರೆ ನಿಮ್ಮ ಕಣ್ಣೇ ಅವನ್ನು ಬೆರೆಸಿ ಬೂದು ಮಾಡುತ್ತದೆ. ಮೊನೆಯ ಕ್ಯಾನ್ವಾಸಿನ ಹತ್ತಿರ ಹೋಗಿ ಹಿಂದೆ ಸರಿದಾಗ ಆಗುವುದೂ ಇದೇ. ಇಂಪ್ರೆಶನಿಸಂ ಎಂಬ ಪಾಠವನ್ನು ಈ ಹೊಳೆ ತನ್ನ ಮರಳಿನಲ್ಲೇ ಇಟ್ಟುಕೊಂಡಿದೆ.

ಆಮೇಲೆ ನೆರಳು ನೋಡಿ. ಸೂರ್ಯ ಇನ್ನೂ ಕೆಳಗಿರುವಾಗ ದಡದ ಹೊಂಗೆಯ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಅದು ಕಪ್ಪಲ್ಲ, ನೀಲಿ. ಬಿಸಿಲು ತಾಕದ ಜಾಗಕ್ಕೆ ಆಕಾಶದ ಬೆಳಕು ಮಾತ್ರ ಬೀಳುತ್ತದಲ್ಲ, ಆ ನೀಲಿ. ಪಕ್ಕದ ಮರಳು ಬಿಸಿಲಿಗೆ ಕಿತ್ತಳೆಯಾದಷ್ಟೂ ನೆರಳು ಇನ್ನೂ ನೀಲಿಯಾಗುತ್ತದೆ. ಶೆವ್ರಲ್ ಹೇಳಿದ ನೆರೆಹೊರೆಯ ನಿಯಮ ಇಲ್ಲೂ ನಡೆಯುತ್ತದೆ. ಮಗು ಹಚ್ಚಿದ ನೀಲಿ ಹೊಳೆಯಲ್ಲಿ ಇದ್ದೇ ಇದೆ, ನೀರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹೊಂಗೆಯ ನೆರಳಿನಲ್ಲಿ ಸಿಗುತ್ತದೆ. ಯುಗಾದಿಯ ಆಸುಪಾಸು ಹೋದರೆ ಹೊಂಗೆಯ ಚಿಗುರಿನ ಹೊಳಪು, ಉದುರಿದ ಹೂವಿನ ಬಿಳಿ-ನೇರಳೆ ಹಾಸು ಬೇರೆ. ಒಂಬತ್ತು ಗಂಟೆಯ ಹೊತ್ತಿಗೆ ಎಲ್ಲ ಮುಗಿಯಿತು, ಬಂಡೆಯೂ ಮರಳೂ ಒಂದೇ ಬಿಳುಪು. ಹಾಗಾಗಿ ಈ ಹೊಳೆಗೂ ತನ್ನದೇ ಗಳಿಗೆಗಳಿವೆ.

2021ರ ನವೆಂಬರಿನ ಮಳೆಗೆ ಪಿನಾಕಿನಿ ತುಂಬಿ ಹರಿದಾಗ ಜನ ಸೇತುವೆಗಳ ಮೇಲೆ ನಿಂತು ನೋಡಿದರು, ಮೊಬೈಲಿನಲ್ಲಿ ಹಿಡಿದರು, ಬಾಗಿನ ಬಿಟ್ಟರು. ಆ ನೀರಿನ ಬಣ್ಣ ನೆನಪಿದೆಯೇ? ಕೆಮ್ಮಣ್ಣಿನ ಕಂದು. ಈಗ ಜಿಲ್ಲೆಯ ಹಲವು ಕೆರೆಗಳಲ್ಲಿ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಶುದ್ಧೀಕರಿಸಿ ಹರಿಸಿದ ನೀರು ನಿಂತಿದೆ. ಅದರ ಬಣ್ಣವೂ ಬೇರೆ, ಪಾಚಿಯ ಹಸಿರು ಬೆರೆತದ್ದು. ಇದನ್ನೆಲ್ಲ ಯಾರಾದರೂ ನೋಡಿ ಬರೆದಿಡಬೇಕು. 597 ಕಿಲೋಮೀಟರ್ ಹರಿದು ನೆಲ್ಲೂರಿನ ಬಳಿ ಕಡಲು ಸೇರುವ ನದಿಗೆ ಇದು ಬಾಲ್ಯದ ಅಂಗಳ, ಇಲ್ಲಿನ ಅದರ ಮುಖವನ್ನು ಇಲ್ಲಿಯವರಲ್ಲದೆ ಇನ್ಯಾರು ಬರೆದಾರು?

ಪೋಪ್ಲರ್ ಮರಗಳ ಮಾತು ಹೇಳಿದ್ದೆ. ಮೊನೆಗೆ ಆ ಸಾಲಿನ ಒಂದೊಂದು ಮರದ ಅಂತರ ಗೊತ್ತಿತ್ತು, ಅದಕ್ಕೇ ಹರಾಜಿನ ಸುದ್ದಿ ಅವನಿಗೆ ನಾಟಿತು. ನಮ್ಮ ಹೊಳೆಯ, ಕೆರೆಯಂಗಳದ ಮರಳನ್ನು ತೋಡಿದ್ದು, ತೊಳೆದು ಫಿಲ್ಟರ್ ಮರಳು ಎಂದು ಮಾರಿದ್ದು ಕಣ್ಣ ಮುಂದೆಯೇ ನಡೆಯಿತು. ಮಳೆಯ ನೀರನ್ನು ಹಿಡಿದಿಟ್ಟು ಬಾವಿಗಳಿಗೆ ಇಳಿಸುತ್ತಿದ್ದ ಆ ಹಾಸು ಹೋದ ಮೇಲೆ ಅಂತರ್ಜಲವೂ ಹೋಯಿತು. ಒಂದು ಚಿತ್ರ ಲಾರಿಯನ್ನು ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ, ಮೊನೆಗೂ ಮರಗಳನ್ನು ಕೊನೆಯ ತನಕ ಉಳಿಸಲಾಗಲಿಲ್ಲ. ಆದರೆ ಒಂದು ತಿರುವಿನ ಮರಳನ್ನು ಬೇಸಿಗೆಯಿಡೀ ಕೂತು ಬರೆದ ಹುಡುಗಿಗೆ, ಆ ತಿರುವಿನಲ್ಲಿ ಗುಂಡಿ ಬಿದ್ದ ದಿನವೇ ಗೊತ್ತಾಗುತ್ತದೆ. ಗ್ರಾಮಸಭೆಯಲ್ಲಿ ಎದ್ದು ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೇಳಲು ಅವಳ ಕೈಯಲ್ಲಿ ತಾರೀಕು ಹಾಕಿದ ಹಾಳೆಗಳಿರುತ್ತವೆ.

ಆದ್ದರಿಂದ ಚಿತ್ರಕಲಾ ಶಿಕ್ಷಕರ ಮುಂದೆ ಒಂದು ಕೆಲಸ ಇಡುತ್ತೇನೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಹೊಳೆದಂಡೆಗೆ, ಇಲ್ಲವೇ ನಿಮ್ಮೂರ ಕೆರೆಯ ಕೋಡಿಗೆ ಕರೆದುಕೊಂಡು ಹೋಗಿ. ಜಾಗ ಒಂದೇ ಇರಲಿ, ಹೊತ್ತು ಮೂರಿರಲಿ: ಸೂರ್ಯ ಹುಟ್ಟುವಾಗ, ನಡು ಮಧ್ಯಾಹ್ನ, ದನ ಮನೆಗೆ ಬರುವಾಗ. ಮೂರು ಹಾಳೆಗಳು. ಪೋಸ್ಟರ್ ಬಣ್ಣದ ಸಾದಾ ಡಬ್ಬಿ ಸಾಕು. ಕಪ್ಪು ಬಣ್ಣದ ಶೀಶೆಯನ್ನು ಮಾತ್ರ ಆ ದಿನ ಶಾಲೆಯಲ್ಲೇ ಬಿಟ್ಟು ಹೋಗಿ. ನೆರಳಿಗೆ ಯಾವ ಬಣ್ಣ ಹಚ್ಚಬೇಕು ಎಂದು ಮಗು ಕೇಳಿದಾಗ ನೀವು ಉತ್ತರ ಹೇಳಬೇಡಿ, ನೆರಳಿನ ಕಡೆ ಕೈ ತೋರಿಸಿ. ಹಾಳೆಯ ಹಿಂದೆ ಊರು, ತಾರೀಕು, ಗಂಟೆ ಬರೆಸಿ. ಮುಂದಿನ ವರ್ಷ ಬೇರೆ ಮಕ್ಕಳು ಅದೇ ಜಾಗದಲ್ಲಿ ಕೂರಲಿ. ಈ ಹಾಳೆಗಳನ್ನು ಜೋಪಾನ ಮಾಡಲು ಶಾಲೆಯ ಬೀರುವಿನಲ್ಲಿ ಒಂದು ಅರೆ ಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ. ಈ ದತ್ತಿಯ ಮುಂದಿನ ಉಪನ್ಯಾಸದ ಹೊತ್ತಿಗೆ ಅವುಗಳಲ್ಲಿ ಕೆಲವನ್ನಾದರೂ ಈ ಗೋಡೆಗೆ ತೂಗುಹಾಕಿ. ಮಾತಾಡಲು ಬರುವವರು ಮೊದಲು ಅವನ್ನು ನೋಡಲಿ.